ಮೂವತ್ತಮೂರಕ್ಕೆ ತ್ರಿಭುಜವಿಲ್ಲ

ನಾನು ಬಿ.ಎಸ್ಸಿ. ಮುಗಿಸಿದ ವರ್ಷ ರಾಯದುರ್ಗದ ನಮ್ಮ ಓಣಿಯಲ್ಲಿ ಜೀನ್ಸ್ ಹೊಲಿಯದ ಮನೆ ಒಂದೂ ಇರಲಿಲ್ಲ. ಗುಮ್ಮಘಟ್ಟದ ಕಡೆಯಿಂದ, ಬೆಳುಗುಪ್ಪದ ಕಡೆಯಿಂದ ಬೆಳಿಗ್ಗೆ ಷೇರ್ ಆಟೋಗಳಲ್ಲಿ ಬಂದಿಳಿಯುತ್ತಿದ್ದ ಹೆಂಗಸರು ಸಂಜೆ ಬೆರಳ ತುದಿಗಳನ್ನೆಲ್ಲ ನೀಲಿ ಮಾಡಿಕೊಂಡು ಮರಳುತ್ತಿದ್ದರು. ಅವ್ವ ಅವರಿಗಿಂತ ಎಷ್ಟೋ ಮೊದಲು ಬಂದವಳು. ಅಪ್ಪ ಕುರಿಗಳನ್ನು ಬಿಟ್ಟು ಬರಲು ಒಪ್ಪದೆ ಗುಮ್ಮಘಟ್ಟದ ಹತ್ತಿರದ ಹಳ್ಳಿಯಲ್ಲೇ ಉಳಿದ. ತಿಂಗಳಿಗೊಮ್ಮೆ ಬಂದು ಎರಡು ದಿನ ಇದ್ದು, ಈ ಊರಿನ ಗಾಳಿಯಲ್ಲೇ ಬಟ್ಟೆಯ ಧೂಳು ತುಂಬಿದೆ ಎಂದು ಬೈದು ಹೋಗುತ್ತಿದ್ದ. ಅವ್ವ ನನ್ನನ್ನು ಕಟ್ಟಿಕೊಂಡು ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಪ್ಯಾಂಟಿನ ಸೊಂಟಪಟ್ಟಿ ಹೊಲಿಯುವುದರಲ್ಲಿ ಅವಳದ್ದು ಎತ್ತಿದ ಕೈ.

ಎಂ.ಎಸ್ಸಿ.ಗೆ ಕಳಿಸುವ ಶಕ್ತಿ ಆಗ ಅವಳಿಗಿರಲಿಲ್ಲ. ಎರಡು ವರ್ಷ ನಾನೂ ಅವಳ ಪಕ್ಕದ ಮಶೀನಿನಲ್ಲಿ ಕೂತು ಹಿಂದಿನ ಜೇಬುಗಳನ್ನು ಹಚ್ಚಿದೆ. ಆ ಎರಡು ವರ್ಷ ನನ್ನ ತಲೆಯೊಳಗೆ ಒಂದು ಲೆಕ್ಕವಿತ್ತು.

ಆ ಲೆಕ್ಕ ಕೊಟ್ಟವರು ನಮ್ಮ ಡಿಗ್ರಿ ಕಾಲೇಜಿನ ಅರೆಕಾಲಿಕ ಮೇಷ್ಟ್ರು. ಕೊನೆಯ ತರಗತಿ ಹತ್ತು ನಿಮಿಷ ಮೊದಲೇ ಮುಗಿದಿತ್ತು. ಸುಮ್ಮನೆ ಕೂರಿಸಬಾರದೆಂದು ಅವರು ಬೋರ್ಡಿನ ಮೇಲೆ ಒಂದು ಲಂಬಕೋನ ತ್ರಿಭುಜ ಬರೆದರು. ಬಾಹುಗಳು ಮೂರು, ನಾಲ್ಕು, ಐದು. ವಿಸ್ತೀರ್ಣ ಆರು. ಅದರ ಪಕ್ಕದಲ್ಲಿ ಇನ್ನೊಂದು ಬರೆದರು. ಮೂರು ಬೈ ಎರಡು, ಇಪ್ಪತ್ತು ಬೈ ಮೂರು, ನಲವತ್ತೊಂದು ಬೈ ಆರು ಎಂಬ ಭಿನ್ನರಾಶಿಗಳ ಬಾಹುಗಳು, ವಿಸ್ತೀರ್ಣ ಐದು. "ಮೂರೂ ಬಾಹು ಪೂರ್ಣಾಂಕವೋ ಭಿನ್ನರಾಶಿಯೋ ಆಗಿರಬೇಕು, ವರ್ಗಮೂಲದ ಚಿಹ್ನೆ ಬರಬಾರದು. ಯಾವ ಯಾವ ಪೂರ್ಣ ಸಂಖ್ಯೆಗೆ ಇಂಥ ತ್ರಿಭುಜ ಸಿಗುತ್ತೆ, ಯಾವುದಕ್ಕೆ ಸಿಗಲ್ಲ? ಪೂರ್ತಿ ಉತ್ತರ ಇವತ್ತಿಗೂ ಯಾರಿಗೂ ಗೊತ್ತಿಲ್ಲ," ಎಂದು ಕೈಯ ಸೀಮೆಸುಣ್ಣದ ಪುಡಿ ಕೊಡವಿಕೊಂಡು ಹೋದರು. ಮರುವರ್ಷ ಅವರು ಊರು ಬಿಟ್ಟಿದ್ದರು.

ಯಾರಿಗೂ ಗೊತ್ತಿಲ್ಲ ಎಂಬ ಮಾತನ್ನು ಗಣಿತದ ತರಗತಿಯಲ್ಲಿ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಎಲ್ಲ ಲೆಕ್ಕಕ್ಕೂ ಪುಸ್ತಕದ ಹಿಂದೆ ಉತ್ತರವಿರುತ್ತದೆಂದೇ ತಿಳಿದಿದ್ದೆ. ನಮ್ಮ ಹೊಲಿಗೆ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರು ಪ್ಯಾಟರ್ನ್ ಬರೆದು ಬಿಸಾಡಿದ ಕಂದು ಹಾಳೆಗಳ ಬೆನ್ನಿಗೆ ಊಟದ ಬಿಡುವಿನಲ್ಲಿ ಬರೆಯುತ್ತಿದ್ದೆ. ಏಳಕ್ಕೆ ತ್ರಿಭುಜ ಹುಡುಕಲು ಒಂದು ಬೇಸಿಗೆಯೇ ಹಿಡಿಯಿತು. ಸಿಕ್ಕ ದಿನ ಮಶೀನು ನಿಲ್ಲಿಸಿ ಕೂಗಿಬಿಟ್ಟೆ.

ಅವ್ವ ಗಾಬರಿಯಾಗಿ ಎದ್ದು ಬಂದಳು. "ಸೂಜಿ ಹೊಕ್ಕಿತೇನೇ ಬೆರಳಿಗೆ?"

"ಇಲ್ಲಬೇ. ಏಳಕ್ಕ ಸಿಕ್ತು!"

ಆ ಕಡೆಯಿಂದ ಯೂನಿಟ್ಟಿನ ಓನರ್ ಕೂಗಿದ, "ಏಳಕ್ಕ ಯಾರನ್ನೂ ಬಿಡಂಗಿಲ್ಲ. ಇವತ್ತು ಎಂಟಾಗ್ತೈತಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವನ್ನು ನೆನೆಸಿಕೊಂಡರೆ ನನಗೆ ಯಾರ ಮೇಲೂ ಸಿಟ್ಟಿಲ್ಲ. ಸಿಟ್ಟು ಬರುವುದು ಅದರ ನಂತರದ ನಗುಗಳ ಮೇಲೆ.

ಎಂ.ಎಸ್ಸಿ.ಗೆ ಅವ್ವನೇ ಹಟ ಹಿಡಿದು ಕಳಿಸಿದಳು. ಅದು ಮುಗಿದ ಮೇಲೆ ಗಡಿಯಾಚೆ, ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಸೇರಿದೆ. ನನ್ನ ಪಾಲಿಗೆ ಬಂದ ಗೈಡ್ ಇಲಾಖೆಯ ದೊಡ್ಡ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲು ಮಾತು, ಎಲ್ಲರನ್ನೂ "ಅಮ್ಮ", "ಅಪ್ಪ" ಎಂದೇ ಮಾತಾಡಿಸುವ ರೀತಿ. ಅವರ ಕೈಕೆಳಗಿನ ವಿದ್ಯಾರ್ಥಿಗಳಿಗೆಲ್ಲ ಒಂದೇ ಕೆಲಸ. ಚುಕ್ಕಿ ಗೆರೆಗಳಿಂದ ಒಂದು ಆಕಾರ ಬಿಡಿಸುವುದು, ಪ್ರತಿ ಚುಕ್ಕಿಗೂ ಯಾವುದೋ ನಿಯಮದಂತೆ ಒಂದು ಸಂಖ್ಯೆ ಕೊಡುವುದು, ಅದರ ಮೇಲೆ ಒಂದು ಲೇಖನ ಬರೆಯುವುದು. ಏಣಿಯಂಥ ಆಕಾರಕ್ಕೆ ಒಂದು ಲೇಖನ, ಕೊಡೆಯಂಥದ್ದಕ್ಕೆ ಒಂದು, ಎರಡು ಕೊಡೆಗಳನ್ನು ಹಿಡಿಕೆಯಲ್ಲಿ ಜೋಡಿಸಿದರೆ ಮತ್ತೊಂದು. ಆ ವಿಷಯದಲ್ಲೂ ಕಷ್ಟದ, ಚೆಂದದ ಪ್ರಶ್ನೆಗಳಿವೆಯೆಂದು ನನಗೆ ಗೊತ್ತು. ಅವರು ಆ ಪ್ರಶ್ನೆಗಳ ಹತ್ತಿರವೂ ಸುಳಿಯುತ್ತಿರಲಿಲ್ಲ. ಜೇಬು ಹಚ್ಚುವ ನಮಗೆ ಪೀಸಿನ ಲೆಕ್ಕವಿದ್ದಂತೆ ಅವರಿಗೆ ಲೇಖನದ ಲೆಕ್ಕ. ಆದರೆ ನಾವು ಹಚ್ಚಿದ ಜೇಬಿನಲ್ಲಿ ಯಾರಾದರೂ ಕೈ ಇಡುತ್ತಿದ್ದರು.

ನಾನು ತ್ರಿಭುಜದ ಪ್ರಶ್ನೆಯ ಮೇಲೆ ಕೆಲಸ ಮಾಡುತ್ತೇನೆಂದಾಗ ಅವರು ನಕ್ಕರು.

"ನೋಡಮ್ಮ, ಅದು ಎಲಿಪ್ಟಿಕ್ ಕರ್ವ್. ಪ್ರಪಂಚದ ಘಟಾನುಘಟಿಗಳು ಕೈ ಸುಟ್ಟುಕೊಂಡಿದ್ದಾರೆ. ನೀನು ರಾಯದುರ್ಗದಿಂದ ಬಂದವಳು. ಬೇಗ ಡಿಗ್ರಿ ತಗೊಂಡು ಕೆಲಸಕ್ಕೆ ಸೇರುವ ದಾರಿ ನೋಡು."

ಘಟಾನುಘಟಿಗಳ ಮಾತು ನಿಜ. ರಾಯದುರ್ಗದ ಮಾತನ್ನು ಅವರು ಯಾಕೆ ಅದರ ಜೊತೆಗೆ ಜೋಡಿಸಿದರು?

ಆ ಕರ್ವ್ ಏನೆಂದು ನಾನೇ ಓದಿ ಕಲಿತೆ. ತ್ರಿಭುಜದ ಪ್ರಶ್ನೆಯನ್ನು ಬೀಜಗಣಿತದಲ್ಲಿ ಬರೆದರೆ ಒಂದು ವಕ್ರರೇಖೆಯಾಗುತ್ತದೆ. ಅದರ ಮೇಲಿನ ಎರಡು ಚುಕ್ಕಿಗಳ ಮೂಲಕ ಒಂದು ಗೆರೆ ಎಳೆದರೆ ಅದು ಸಾಮಾನ್ಯವಾಗಿ ಆ ವಕ್ರರೇಖೆಯನ್ನು ಮೂರನೆಯ ಕಡೆಯೂ ಮುಟ್ಟುತ್ತದೆ. ಮೊದಲೆರಡು ಚುಕ್ಕಿಗಳ ಅಳತೆ ಭಿನ್ನರಾಶಿಯಾದರೆ ಮೂರನೆಯದೂ ಭಿನ್ನರಾಶಿಯೇ. ಹೀಗೆ ಒಂದರಿಂದ ಒಂದು ಚುಕ್ಕಿ ಹುಟ್ಟುತ್ತಾ ಹೋಗುತ್ತದೆ. ಒಂದು ಸಂಖ್ಯೆಗೆ ಒಂದು ತ್ರಿಭುಜ ಸಿಕ್ಕರೆ ಲೆಕ್ಕವಿಲ್ಲದಷ್ಟು ಸಿಗುತ್ತವೆ. ಇಲ್ಲವಾದರೆ ಒಂದೂ ಇಲ್ಲ. ಇದೆಯೋ ಇಲ್ಲವೋ ಎಂದು ಹೇಳುವ ಒಂದು ಪರೀಕ್ಷೆಯಿದೆ, ಆದರೆ ಅದು ಪೂರ್ತಿ ನಿಲ್ಲುವುದು ಇನ್ನೂ ಯಾರೂ ಸಾಧಿಸದ ಒಂದು ಊಹೆಯ ಮೇಲೆ. ನಮ್ಮ ಮೇಷ್ಟ್ರು ಹೇಳಿದ್ದು ಸುಳ್ಳಾಗಿರಲಿಲ್ಲ.

ನಾನು ಮೂವತ್ತಮೂರನ್ನು ಹಿಡಿದೆ. ಮೂರು ಹನ್ನೊಂದಲ ಮೂವತ್ತಮೂರು. ಮೂರೂ ಹನ್ನೊಂದೂ ಅವಿಭಾಜ್ಯ ಸಂಖ್ಯೆಗಳು, ಎರಡನ್ನೂ ಎಂಟರಿಂದ ಭಾಗಿಸಿದರೆ ಉಳಿಯುವುದು ಮೂರು. ತಿಂಗಳುಗಟ್ಟಲೆ ತ್ರಿಭುಜ ಹುಡುಕಿದೆ, ಸಿಗಲಿಲ್ಲ. ಆಮೇಲೆ ಸಿಗುವುದೇ ಇಲ್ಲವೆಂದು ತೋರಿಸಲು ಹೊರಟೆ. ಒಂದು ತ್ರಿಭುಜ ಇದೆಯೆಂದು ಇಟ್ಟುಕೊಂಡು ಹೊರಟರೆ ದಾರಿಗಳು ಕವಲೊಡೆಯುತ್ತವೆ. ಒಂದೊಂದು ಕವಲಿನಲ್ಲೂ ಎಂಟರ ಶೇಷವೋ ಹನ್ನೊಂದರ ಶೇಷವೋ ಅಡ್ಡ ಬಂದು ನಿಲ್ಲುತ್ತದೆ. ಕೊನೆಯ ಕವಲನ್ನೂ ಮುಚ್ಚಿದ ದಿನ, ಮೂವತ್ತಮೂರರ ಬಗ್ಗೆ ನಾನು ಬರೆದಿದ್ದು ಅಂಥ ಎರಡು ಬೇರೆ ಬೇರೆ ಅವಿಭಾಜ್ಯಗಳ ಯಾವ ಗುಣಲಬ್ಧಕ್ಕೂ ನಿಲ್ಲುತ್ತದೆಂದು ಗೊತ್ತಾಯಿತು. ಐವತ್ತೇಳು, ಇನ್ನೂರ ಒಂಬತ್ತು, ಹೀಗೆ ಕೊನೆಯಿಲ್ಲದ ಒಂದು ಸಾಲು. ಯಾವುದಕ್ಕೂ ತ್ರಿಭುಜವಿಲ್ಲ. ಮೂರು ವರ್ಷದ ಕೆಲಸ, ಹತ್ತೊಂಬತ್ತು ಪುಟ.

ಗೈಡಿಗೆ ಕೊಟ್ಟೆ. ಅವರು ಹಾಳೆ ತಿರುಗಿಸಿ ನೋಡಿದರು. ಓದಲಿಲ್ಲ, ತಿರುಗಿಸಿದರು. "ಪರವಾಗಿಲ್ಲಮ್ಮ, ಗಟ್ಟಿ ಇದ್ದೀಯ. ಟೈಪ್ ಮಾಡಿ ಕಳಿಸು."

ಟೈಪ್ ಮಾಡಿ ಕಳಿಸಿದೆ. ಆಮೇಲೆ ನನಗೇ ಒಂದು ಅಳುಕು ಹತ್ತಿತು. ಇಷ್ಟು ನೇರವಾದ ದಾರಿಯಲ್ಲಿ ನನಗಿಂತ ಮೊದಲು ಯಾರೂ ನಡೆದಿಲ್ಲವೇ? ನಮ್ಮ ಗ್ರಂಥಾಲಯದಲ್ಲಿ ಆ ವಿಷಯದ ಪುಸ್ತಕ ಒಂದೇ ಒಂದಿತ್ತು, ಅದೂ ಅರ್ಧ ಗೆದ್ದಲು ತಿಂದದ್ದು. ಅನುಮತಿ ತೆಗೆದುಕೊಂಡು ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರ ಗ್ರಂಥಾಲಯದಲ್ಲಿ ಒಂದು ವಾರ ಕೂತೆ. ನಾಲ್ಕನೆಯ ದಿನ ಒಂದು ಸಮೀಕ್ಷಾ ಲೇಖನದ ಅಡಿಟಿಪ್ಪಣಿಯಲ್ಲಿ ನನ್ನ ಫಲಿತಾಂಶ ಒಂದೇ ಸಾಲಿನಲ್ಲಿ ಬರೆದಿತ್ತು. ನೂರೈವತ್ತು ವರ್ಷಗಳ ಹಿಂದೆಯೇ ಇಟಲಿಯ ಒಬ್ಬ ಗಣಿತಜ್ಞ ಅದನ್ನು ಸಾಧಿಸಿಬಿಟ್ಟಿದ್ದ.

ಬಾತ್‌ರೂಮಿಗೆ ಹೋಗಿ ಅತ್ತೆ. ಮುಖ ತೊಳೆದು ಬಂದು ಮತ್ತೆ ಆ ಸಾಲು ಓದಿದೆ. ವಿಚಿತ್ರವೆಂದರೆ ಎರಡನೇ ಸಲ ಓದುವಾಗ ಸ್ವಲ್ಪ ಹೆಮ್ಮೆಯೂ ಆಯಿತು. ನನ್ನ ಹತ್ತೊಂಬತ್ತು ಪುಟ ಸರಿಯಾಗಿತ್ತು. ಯಾರೂ ಕೈ ಹಿಡಿಯದೆ, ಜೇಬು ಹಚ್ಚುತ್ತಿದ್ದವಳು ಅಲ್ಲಿಯವರೆಗೆ ನಡೆದಿದ್ದೆ. ಆದರೆ ಅದು ನನ್ನದಾಗಿರಲಿಲ್ಲ. ಹೊಸದೇನಾದರೂ ಬೇಕಿದ್ದರೆ ಅಲ್ಲಿಂದ ಮುಂದಕ್ಕೆ ಹೋಗಬೇಕು, ಅಷ್ಟೆ.

ಆ ಅಡಿಟಿಪ್ಪಣಿಯ ಝೆರಾಕ್ಸ್ ಹಿಡಿದುಕೊಂಡು ಗೈಡಿನ ಕೋಣೆಗೆ ಹೋದೆ. ಅವರು ಓದಿ ಕನ್ನಡಕ ತೆಗೆದಿಟ್ಟರು.

"ಅದು ಆಗಲೇ ಪ್ರಿಂಟ್ ಆಗಿದೆಯಲ್ಲಮ್ಮ."

"ಏನು ಸರ್ ಪ್ರಿಂಟ್ ಆಗಿದೆ?"

ಅವರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ನಾನು ಹೆಸರೇ ಕೇಳಿರದ ಒಂದು ಪತ್ರಿಕೆ. ಹಣ ಕಟ್ಟಿದರೆ ವಾರದೊಳಗೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಯೆಂದು ಆಮೇಲೆ ತಿಳಿಯಿತು. ಮೊದಲ ಹೆಸರು ಅವರದು. ಎರಡನೆಯದು ನಾನು ಮುಖವನ್ನೇ ನೋಡಿರದ ಯಾರೋ ಒಬ್ಬರದು. ಮೂರನೆಯದು ನನ್ನದು, ಅದರಲ್ಲೂ ಒಂದು ಅಕ್ಷರ ತಪ್ಪು. ಮೊದಲ ಸಾಲಿನಲ್ಲೇ "ಈ ಲೇಖನದಲ್ಲಿ ನಾವು ಒಂದು ಹೊಸ ಫಲಿತಾಂಶವನ್ನು ಸಾಧಿಸುತ್ತೇವೆ" ಎಂಬರ್ಥದ ಇಂಗ್ಲಿಷ್ ವಾಕ್ಯ. ನಾನು ಟೈಪ್ ಮಾಡಿದ್ದರಲ್ಲಿ ಆ ವಾಕ್ಯ ಇರಲಿಲ್ಲ.

"ವಾಪಸ್ ತೆಗೆಸಿ ಸರ್. ಇದು ಹೊಸದಲ್ಲ ಅಂತ ಈಗ ಗೊತ್ತಾಯಿತಲ್ಲ."

"ಯಾರಿಗೆ ಗೊತ್ತಾಯಿತು? ನಿನಗೆ, ನನಗೆ. ನೀನು ಕದ್ದಿಲ್ಲ, ನೀನೇ ಮಾಡಿದ್ದು. ಥೀಸಿಸ್ಸಿಗೆ ಒಂದು ಪ್ರಕಟಣೆ ಬೇಕು, ಆಯಿತು. ಇನ್ನಾರು ತಿಂಗಳಲ್ಲಿ ಡಾಕ್ಟರ್ ಆಗ್ತೀಯ."

"ಸುಳ್ಳು ಬರೆದು ಡಾಕ್ಟರ್ ಆಗೋದು ನನಗೆ ಬೇಡ ಸರ್."

ಆಗ ಅವರು ನಕ್ಕರು. ಕೋಪಿಸಿಕೊಂಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ರಾಯದುರ್ಗದ ಯೂನಿಟ್ಟುಗಳ ವಿಷಯ ಅವರಿಗೆ ಚೆನ್ನಾಗಿ ಗೊತ್ತಿತ್ತು. ಸೇರಿದ ಹೊಸತರಲ್ಲಿ ನಾನೇ ಹೇಳಿದ್ದೆ. ಅಲ್ಲಿನ ಕೆಲವು ಯೂನಿಟ್ಟುಗಳಿಗೆ ದೊಡ್ಡ ದೊಡ್ಡ ಕಂಪನಿಗಳ ಹೆಸರಿನ ಲೇಬಲ್ಲುಗಳು ಕಟ್ಟುಗಟ್ಟಲೆ ಬರುತ್ತಿದ್ದವು. ನಮ್ಮ ಹೆಂಗಸರು ಹೊಲಿದ ಪ್ಯಾಂಟಿಗೆ ಅದನ್ನು ಹಚ್ಚಿದರೆ ಅದು ಆ ಕಂಪನಿಯ ಪ್ಯಾಂಟು.

"ನಿಮ್ಮ ತಾಯಿ ಜೀವಮಾನವಿಡೀ ಬೇರೆಯವರ ಲೇಬಲ್ ಹಚ್ಚಿದ ದುಡ್ಡಲ್ಲೇ ಅಲ್ಲವೇನಮ್ಮ ನೀನು ಓದಿದ್ದು? ಈಗೇನು ಹೊಸ ಮಡಿ?"

ಎದ್ದು ಬಂದೆ. ಇವತ್ತಿಗೂ ಆ ಕ್ಷಣಕ್ಕೆ ಸರಿಯಾದ ಉತ್ತರಗಳನ್ನು ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಪಾಠದ ನಡುವೆ ಕಟ್ಟುತ್ತಿರುತ್ತೇನೆ. ಇಷ್ಟು ವರ್ಷಗಳಾದ ಮೇಲೂ ಕಟ್ಟುತ್ತೇನೆ.

ರಾಯದುರ್ಗಕ್ಕೆ ಹೋದೆ. ಅವ್ವ ಯೂನಿಟ್ಟಿನಲ್ಲಿದ್ದಳು. ಮಧ್ಯಾಹ್ನದ ಬಿಡುವಿನಲ್ಲಿ ಹೊರಗಿನ ಕಟ್ಟೆಯ ಮೇಲೆ ಕೂರಿಸಿಕೊಂಡು ಎಲ್ಲ ಹೇಳಿದೆ, ಆ ಕೊನೆಯ ಮಾತೊಂದನ್ನು ಬಿಟ್ಟು. ಅವ್ವ ನನ್ನ ಪರ ನಿಲ್ಲುತ್ತಾಳೆಂದೇ ತಿಳಿದಿದ್ದೆ.

"ನಿನಗೇನು ತಲಿ ಕೆಟ್ಟೈತೇನು?" ಎಂದಳು. "ನೀ ಬರದದ್ದು ಖರೇನೋ ಸುಳ್ಳೋ?"

"ಖರೇನೇ. ಆದ್ರ ಹೊಸದಲ್ಲ. ಯಾರೋ ಮೊದಲೇ ಮಾಡ್ಯಾರ."

"ಮಾಡಿದ್ರ ಮಾಡ್ಲಿ ಬಿಡು. ಅವರಿಗೇನು ನೀ ಗೊತ್ತದೀಯೇನು? ನಾ ಹೊಲದ ಪ್ಯಾಂಟ್ನ ನನಗಿಂತ ಮೊದಲು ಯಾರೂ ಹೊಲದಿಲ್ಲೇನು?"

"ಇದು ಪ್ಯಾಂಟಲ್ಲಬೇ!"

"ಹೌದವ್ವಾ, ಪ್ಯಾಂಟಲ್ಲ. ಪ್ಯಾಂಟಾಗಿದ್ರ ಇಷ್ಟೊತ್ತಿಗೆ ಮುಗೀತಿತ್ತು." ಅವಳ ದನಿ ಏರಿತು. ಒಳಗಿನ ಹೆಂಗಸರು ಇಣುಕಿ ನೋಡಿದರು. "ನನ್ನ ಸೊಂಟ ನೋಡು. ನೆಟ್ಟಗ ನಿಂದ್ರಾಕ ಬರಂಗಿಲ್ಲ. ಇನ್ನಾರು ತಿಂಗಳು ಬಾಯಿ ಮುಚ್ಕೊಂಡಿರಾಕ ಆಗಂಗಿಲ್ಲಾ ನಿನಗ?"

ನಾನೂ ಕೂಗಿದೆ. ಏನೇನು ಅಂದೆನೋ ಎಲ್ಲ ನೆನಪಿಲ್ಲ. ನಿನಗೆ ಅರ್ಥವಾಗಲ್ಲ, ಸುಮ್ಮನಿರು ಎಂದದ್ದು ಮಾತ್ರ ನೆನಪಿದೆ. ಆ ಗೈಡ್ ನನಗೆ ಅಂದದ್ದಕ್ಕೂ ನಾನು ಅವ್ವನಿಗೆ ಅಂದದ್ದಕ್ಕೂ ಹೆಚ್ಚು ದೂರವಿರಲಿಲ್ಲ. ಮೂರು ತಿಂಗಳು ನಾವಿಬ್ಬರೂ ಫೋನಿನಲ್ಲಿ ಮಾತಾಡಲಿಲ್ಲ.

ಆ ಮೂರು ತಿಂಗಳಲ್ಲಿ ನಾನು ಪತ್ರಿಕೆಗೆ ಬರೆದೆ. ಫಲಿತಾಂಶ ಹಳೆಯದು, ಲೇಖನ ಹಿಂತೆಗೆದುಕೊಳ್ಳಿ ಎಂದೆ. ಹಿಂತೆಗೆದುಕೊಳ್ಳಬೇಕಾದರೆ ಅದಕ್ಕೂ ಶುಲ್ಕ ಕಟ್ಟಬೇಕೆಂದು ಉತ್ತರ ಬಂತು. ನಾನು ಎರಡು ಸಲ ಓದಿದೆ. ಸುಳ್ಳು ಹಾಕಿಸಲು ಒಂದು ದರ, ತೆಗೆಸಲು ಇನ್ನೊಂದು. ಜೊತೆಗೆ ಮೊದಲ ಹೆಸರಿನವರ ಒಪ್ಪಿಗೆಯೂ ಬೇಕಂತೆ. ಆಮೇಲೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಕೊಟ್ಟೆ. ಅಷ್ಟರಲ್ಲಿ ಗೈಡ್ ನನ್ನ ಆರು ತಿಂಗಳ ವರದಿಗೆ ಸಹಿ ಹಾಕುವುದನ್ನು ನಿಲ್ಲಿಸಿದ್ದರು. ಪ್ರಗತಿ ತೃಪ್ತಿಕರವಾಗಿಲ್ಲ ಎಂದು ಬರೆದರು. ಅವರೇ ಪ್ರಕಟಿಸಿದ ಲೇಖನದಲ್ಲಿ ನನ್ನ ಹೆಸರಿರುವಾಗ!

ಸಮಿತಿಯ ಮುಂದೆ ಹಾಜರಾಗಲು ಪತ್ರ ಬಂತು. ಅವ್ವನಿಗೆ ಯಾರ ಬಾಯಿಂದಲೋ ಸುದ್ದಿ ಮುಟ್ಟಿತ್ತು. ಯೂನಿಟ್ಟಿಗೆ ರಜೆ ಹಾಕಿ, ಬುತ್ತಿ ಕಟ್ಟಿಕೊಂಡು ಬಂದುಬಿಟ್ಟಳು. ಬಸ್‌ಸ್ಟ್ಯಾಂಡಿನಿಂದ ವಿಶ್ವವಿದ್ಯಾಲಯದವರೆಗೆ ನಾವಿಬ್ಬರೂ ಸಿಟಿ ಬಸ್ಸಿನಲ್ಲಿ ಹೋದೆವು.

"ಈಗರ ಹೇಳು," ಎಂದಳು. "ಆ ಗೈಡ್ ಮೇಷ್ಟ್ರು ನಿನಗೇನಂದ? ಅವತ್ತು ಏನೋ ನುಂಗಿದಿ ನೀನು. ನನಗ ಗೊತ್ತಾಗಂಗಿಲ್ಲೇನು?"

ಹೇಳಿದೆ. ಲೇಬಲ್ಲಿನ ಮಾತನ್ನು ಅವರು ಅಂದ ಹಾಗೆಯೇ ಹೇಳಿದೆ. ಅವ್ವ ಕಿಟಕಿಯ ಕಡೆ ತಿರುಗಿ ಕೂತಳು.

ಸಮಿತಿಯಲ್ಲಿ ಮೂವರಿದ್ದರು. ಗಣಿತದವರು ಒಬ್ಬರೂ ಇರಲಿಲ್ಲ. "ಒಂದೇ ಫಲಿತಾಂಶವನ್ನು ಇಬ್ಬರು ಬೇರೆ ಬೇರೆಯಾಗಿ ಸಾಧಿಸಿದರೆ ಅದು ಕಳ್ಳತನ ಹೇಗಾಗುತ್ತದೆ?" ಎಂದು ಒಬ್ಬರು ಕೇಳಿದರು. ಕಳ್ಳತನ ಎಂದು ನಾನು ಎಲ್ಲೂ ಬರೆದಿಲ್ಲ, ಗೊತ್ತಿದ್ದೂ ಹೊಸದೆಂದು ಉಳಿಸಿಕೊಂಡಿರುವುದು ಸುಳ್ಳು ಎಂದು ಬರೆದಿದ್ದೇನೆ ಎಂದೆ. ಇನ್ನೊಬ್ಬರು, "ನಿಮ್ಮ ಹೆಸರೂ ಇದೆಯಲ್ಲಮ್ಮ, ನಿಮಗೇನು ನಷ್ಟ?" ಎಂದರು. ಮೂರನೆಯವರು ಗಡಿಯಾರ ನೋಡುತ್ತಿದ್ದರು. ಕಾಲು ಗಂಟೆಯಲ್ಲಿ ಮುಗಿಯಿತು.

ಹೊರಗೆ ಬಂದರೆ ವರಾಂಡದ ಬೆಂಚಿನ ಮೇಲೆ ಅವ್ವನಿದ್ದಳು. ನನ್ನ ನಂತರ ಒಳಗೆ ಹೋಗಬೇಕಿದ್ದ ಗೈಡ್ ಕೂಡ ಆಗಲೇ ಬಂದರು. ಬಿಳಿ ಅಂಗಿ ನೋಡಿಯೇ ಅವಳಿಗೆ ಗುರುತು ಹತ್ತಿರಬೇಕು. ಎದ್ದು ಅಡ್ಡ ನಿಂತಳು. ಸೊಂಟ ನೋವಿನಿಂದ ಒಂದು ಕಡೆ ವಾಲಿಕೊಂಡೇ ನಿಂತಿದ್ದಳು.

"ನಮಸ್ಕಾರ್ರಿ. ನಾ ಇಕಿ ತಾಯಿ."

ಅವರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಇಲಾಖೆಯ ವಿಷಯ, ಇಲ್ಲಿ ಮಾತಾಡುವಂಥದ್ದಲ್ಲ, ಎಂಬಂಥ ಮಾತು.

"ನನಗ ಇಂಗ್ಲಿಷ್ ಬರಂಗಿಲ್ರಿ. ನಿಮಗ ಕನ್ನಡ ಬರ್ತೈತಲ್ರಿ. ನಾ ಲೇಬಲ್ ಹಚ್ಚೀನಿ, ಹೌದ್ರಿ. ಓನರ್ ಕೊಟ್ಟಿದ್ದು ಹಚ್ಚೀನಿ. ಹಚ್ಚಂಗಿಲ್ಲ ಅಂದಿದ್ರ ಮರುದಿನ ಒಲಿ ಹತ್ತತಿರಲಿಲ್ಲ. ನಿಮಗ ಯಾರ್ರಿ ಕೊಟ್ಟಿದ್ದು? ನಿಮ್ಮ ಮನ್ಯಾಗ ಒಲಿ ಹತ್ತತಿರಲಿಲ್ಲೇನ್ರಿ?"

ಒಬ್ಬ ಜವಾನ, ಇಬ್ಬರು ವಿದ್ಯಾರ್ಥಿಗಳು, ಫೈಲು ಹಿಡಿದ ಒಬ್ಬ ಕ್ಲರ್ಕು ನಿಂತು ನೋಡುತ್ತಿದ್ದರು. ಗೈಡಿನ ಮುಖದ ಮೇಲೆ ಆ ನಗು ಇರಲಿಲ್ಲ. "ಸೆಕ್ಯೂರಿಟಿ ಕರೀರಿ," ಎಂದು ಜವಾನನಿಗೆ ಹೇಳಿ ಒಳಗೆ ಹೋದರು. ಜವಾನ ಯಾರನ್ನೂ ಕರೆಯಲಿಲ್ಲ. ನಮಗೆ ಕುಡಿಯಲು ನೀರು ತಂದುಕೊಟ್ಟ.

ಅದರಿಂದ ಏನಾಯಿತು? ಏನೂ ಆಗಲಿಲ್ಲ. ಆರೋಪದಲ್ಲಿ ಹುರುಳಿಲ್ಲ ಎಂದು ಸಮಿತಿ ಬರೆಯಿತು. ಗೈಡಿನ ಸಹಿಯಿಲ್ಲದೆ ನನ್ನ ನೋಂದಣಿ ರದ್ದಾಯಿತು. ಮೂರೂವರೆ ವರ್ಷದ ನಂತರ ನನ್ನ ಕೈಯಲ್ಲಿ ಡಿಗ್ರಿಯಿರಲಿಲ್ಲ. ಗೈಡಿಗೆ ಮುಂದಿನ ವರ್ಷವೇ ದೊಡ್ಡ ಹುದ್ದೆ ಸಿಕ್ಕಿತು. ಅವ್ವ ಅವತ್ತು ನನ್ನ ಪರವಾಗಿ ಅಷ್ಟು ಮಾತಾಡಿದವಳು, ವಾಪಸ್ ಬರುವ ಬಸ್ಸಿನಲ್ಲಿ, "ಆದ್ರೂ ನೀ ಡಿಗ್ರಿ ತಗೊಂಡು ಬಂದಿದ್ರ ಚಲೋ ಇತ್ತು," ಎಂದಳು. ಇವತ್ತಿನವರೆಗೂ ಅವಳು ಆ ಮಾತನ್ನು ಹಿಂತೆಗೆದುಕೊಂಡಿಲ್ಲ.

ಈಗ ನಾನು ಮಡಕಶಿರದ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬಂದು ಬಹಳ ವರ್ಷಗಳಾದವು. ನನ್ನ ತರಗತಿಯ ಹುಡುಗಿಯರಲ್ಲಿ ಎಷ್ಟೋ ಜನ ಹಿಂದೂಪುರದ ಕಡೆಯ ಗಾರ್ಮೆಂಟ್ ಫ್ಯಾಕ್ಟರಿಗಳ ಬಸ್ಸು ಹತ್ತುವವರ ಮಕ್ಕಳು, ತಂಗಿಯರು. ಡಿಗ್ರಿ ಮುಗಿದ ಮೇಲೆ ಅವರೂ ಅದೇ ಬಸ್ಸು ಹತ್ತುತ್ತಾರೆ. ಅವರ ಕೈಗೆ ಒಳ್ಳೆಯ ಪ್ರಶ್ನೆಯೊಂದನ್ನು ಕೊಟ್ಟು ಕಳಿಸಬೇಕೋ ಬೇಡವೋ ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ. ಕೊಡುತ್ತೇನೆ. ಕೊಟ್ಟ ಮೇಲೆ ಅವರಿಗೆ ನಿಜವನ್ನೂ ಹೇಳುತ್ತೇನೆ. ಯಾವುದು ಸಾಧಿಸಿ ಮುಗಿದಿದೆ, ಯಾವುದು ಮುಗಿದಿಲ್ಲ, ಯಾವ ಪುಸ್ತಕ ಎಲ್ಲಿ ಸಿಗುತ್ತದೆ. ಇಷ್ಟನ್ನು ಯಾರಾದರೂ ನನಗೆ ಹೇಳಿದ್ದರೆ ಮೂರು ವರ್ಷ ಉಳಿಯುತ್ತಿತ್ತು.

ಎರಡು ವರ್ಷದ ಹಿಂದೆ ಕಾಲೇಜಿಗೆ ದರ್ಜೆ ಕೊಡುವ ಪರಿಶೀಲನಾ ತಂಡ ಬರುವುದಿತ್ತು. ಪ್ರಿನ್ಸಿಪಾಲರು ಎಲ್ಲರಿಂದಲೂ ಒಂದು ನಮೂನೆ ಭರ್ತಿ ಮಾಡಿಸಿದರು. ನನ್ನದರಲ್ಲಿ ಪ್ರಕಟಣೆಗಳು ಎಂಬಲ್ಲಿ ಯಾರೋ ಅಂತರ್ಜಾಲದಲ್ಲಿ ಹುಡುಕಿ ಆ ಹಳೆಯ ಲೇಖನವನ್ನು ಟೈಪ್ ಮಾಡಿಟ್ಟಿದ್ದರು. ನಾನು ಪೆನ್ನು ತೆಗೆದು ಅಡ್ಡಗೆರೆ ಎಳೆದೆ.

ಪ್ರಿನ್ಸಿಪಾಲರು ಮಡಕಶಿರದವರೇ, ಒಳ್ಳೆಯ ಮನುಷ್ಯ. ತಲೆ ಮೇಲೆ ಕೈ ಇಟ್ಟುಕೊಂಡರು. "ಏನ್ ಮೇಡಂ ಇದು? ಕಾಲೇಜಲ್ಲಿ ಯಾರಿಗೂ ಒಂದು ಪೇಪರ್ರಿಲ್ಲ. ನಿಮ್ದು ಒಂದೇ ಒಂದು ಐತೆ, ಅದನ್ನೂ ಹೊಡೆದಾಕ್ತೀರಲ್ಲ?"

"ಅದು ಸುಳ್ಳು ಸಾರ್. ಹೊಸದು ಅಂತ ಬರ್ಕೊಂಡವ್ರೆ, ಹೊಸದಲ್ಲ."

"ಯಾರ್ ಮೇಡಂ ಓದ್ತಾರೆ? ಎಣಿಸ್ತಾರೆ ಅಷ್ಟೆ. ಬುಡಿ, ಇರ್ಲಿ."

ಅವರ ಮೇಲೆ ನನಗೆ ಸಿಟ್ಟು ಬಂದದ್ದು ಸುಳ್ಳು ಹೇಳಿದ್ದಕ್ಕಲ್ಲ, ನಿಜ ಹೇಳಿದ್ದಕ್ಕೆ. ಯಾರೂ ಓದುವುದಿಲ್ಲ. ನಾನು ನಮೂನೆಯನ್ನು ಬಿಡಲಿಲ್ಲ. ಕೊನೆಗೆ ಅವರು ಸುಸ್ತಾಗಿ, "ನಿಮ್ಮಿಷ್ಟ ಕಣಮ್ಮ," ಎಂದು ಬೇರೆ ನಮೂನೆ ಟೈಪ್ ಮಾಡಿಸಿದರು. ಪ್ರಕಟಣೆಗಳು: ಇಲ್ಲ. ಕಾಲೇಜಿಗೆ ಬರಬೇಕಿದ್ದ ದರ್ಜೆ ಬರಲಿಲ್ಲ. ಸ್ಟಾಫ್‌ರೂಮಿನಲ್ಲಿ ಕೆಲವರು ಅದಕ್ಕೆ ನಾನೇ ಕಾರಣವೆಂದು ಇವತ್ತಿಗೂ ನಂಬಿದ್ದಾರೆ. ಒಂದು ಗೆರೆಯಿಂದ ದರ್ಜೆ ಹೋಗುವುದಾದರೆ ಆ ದರ್ಜೆ ಎಂಥದ್ದು?

ಲೆಕ್ಕ ನಿಲ್ಲಿಸಿಲ್ಲ. ಇಟಲಿಯವನು ನಿಲ್ಲಿಸಿದ ಕಡೆಯಿಂದ ಆಚೆಗೆ, ಮೂರು ಅವಿಭಾಜ್ಯಗಳ ಗುಣಲಬ್ಧದ ಒಂದು ಸಾಲಿನ ಮೇಲೆ ಈಗ ಕೂತಿದ್ದೇನೆ. ಹೋದ ದಸರಾ ರಜೆಯ ಹೊತ್ತಿಗೆ ಇಪ್ಪತ್ತಾರು ಪುಟವಾಯಿತು. ಈ ಸಲ ಹಳೆಯ ತಪ್ಪು ಮಾಡಬಾರದೆಂದು ಮೊದಲೇ ತಿಂಗಳುಗಟ್ಟಲೆ ಹಿಂದಿನ ಲೇಖನಗಳನ್ನೆಲ್ಲ ಜಾಲಾಡಿದ್ದೆ. ನನ್ನ ಸಾಲು ಎಲ್ಲೂ ಇರಲಿಲ್ಲ. ಆದರೆ ತೋರಿಸಲು ಸುತ್ತಮುತ್ತ ಒಬ್ಬರಿಲ್ಲ. ಪತ್ರ ಬರೆದು, ಒಪ್ಪಿಗೆ ಪಡೆದು, ಬೆಳಗಿನ ಮೊದಲ ಬಸ್ಸಿಗೆ ಬೆಂಗಳೂರಿಗೆ ಹೋದೆ. ಅದೇ ದೊಡ್ಡ ಸಂಸ್ಥೆ. ನನಗಿಂತ ಎಷ್ಟೋ ಚಿಕ್ಕ ವಯಸ್ಸಿನ ಒಬ್ಬ ಹೆಣ್ಣುಮಗಳು, ಅಲ್ಲಿ ಆ ವಿಷಯದಲ್ಲೇ ಕೆಲಸ ಮಾಡುವವಳು, ನನ್ನನ್ನು ಕೂರಿಸಿಕೊಂಡಳು. ಹಾಳೆ ತಿರುಗಿಸಲಿಲ್ಲ. ಓದಿದಳು. ಪೆನ್ಸಿಲ್ ಹಿಡಿದು, ಒಂದೊಂದು ಸಾಲನ್ನೂ. ನಾನು ಎದುರಿಗೆ ಎರಡೂವರೆ ಗಂಟೆ ಕೂತಿದ್ದೆ.

ಹದಿನೇಳನೆಯ ಪುಟದಲ್ಲಿ ಪೆನ್ಸಿಲ್ ನಿಂತಿತು.

"ಮೇಡಂ, ಇಲ್ಲಿ ಈ ಮೂರನೇ ಅವಿಭಾಜ್ಯದ ಶೇಷ ಒಂದು ಅಂತ ತಗೊಂಡಿದ್ದೀರಿ. ಏಳೂ ಇರಬಹುದಲ್ವಾ?"

ಇರಬಹುದಿತ್ತು. ಎಂಟರಿಂದ ಭಾಗಿಸಿದಾಗ ಏಳು ಉಳಿಯುವ ಸಾಧ್ಯತೆಯನ್ನು ನಾನು ಬಿಟ್ಟೇಬಿಟ್ಟಿದ್ದೆ. ಒಂದು ಕವಲು ಪೂರ್ತಿ ತೆರೆದಿತ್ತು. ಅವಳು ಮೆಲ್ಲಗೆ, "ಉಳಿದದ್ದು ಸರಿಯಾಗಿದೆ. ಇದನ್ನು ಮುಚ್ಚಿದರೆ ಮತ್ತೆ ಬನ್ನಿ," ಎಂದಳು. ಅಷ್ಟು ವರ್ಷಗಳಲ್ಲಿ ನನಗೆ ತಪ್ಪು ತೋರಿಸಿದ ಮೊದಲ ವ್ಯಕ್ತಿ ಅವಳು. ಅದಕ್ಕೆ ಅವಳನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಇಂಥ ಎರಡೂವರೆ ಗಂಟೆಗಾಗಿ ಒಬ್ಬಳು ಇಷ್ಟು ವರ್ಷ ಕಾಯಬೇಕೇ ಎಂದು ಏನನ್ನಾದರೂ ಎತ್ತಿ ಒಗೆಯಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ ನಮಸ್ಕಾರ ಹೇಳಿ ಬಂದೆ.

ವಾಪಸ್ ಬರುವಾಗ ಬಸ್ಸು ತುಂಬಿತ್ತು. ಹಿಂದೂಪುರದವರೆಗೂ ನಿಂತೇ ಬಂದೆ. ಅವ್ವ ಈಗ ನನ್ನ ಜೊತೆ ಮಡಕಶಿರದಲ್ಲೇ ಇದ್ದಾಳೆ. ಬಾಗಿಲು ತೆಗೆದವಳೇ ಕೇಳಿದಳು, "ಏನಂದ್ರು?"

"ತಪ್ಪೈತಿ ಅಂದ್ರು."

"ಅಷ್ಟು ದೂರ ಹೋಗಿ ಬೈಸ್ಕೊಂಡು ಬಂದ್ಯಾ? ಇಲ್ಲೇ ಇದ್ದಿದ್ರ ನಾನೇ ಬೈತಿದ್ನಲ್ಲ."

"ಬೈಲಿಲ್ಲಬೇ. ಒಂದೇ ಕಡಿ ತಪ್ಪೈತಿ, ಉಳಿದಿದ್ದೆಲ್ಲ ಸರಿ ಐತಿ ಅಂದ್ರು."

"ಮತ್ತ ಅದನ್ನ ಮೊದಲು ಹೇಳಬಾರ್ದಾ? ಯಾವ ಮಾತು ಮೊದಲು ಹೇಳ್ಬೇಕು ಅನ್ನೋದು ಇಷ್ಟು ಓದಿದ್ರೂ ಬರಲಿಲ್ಲ ನಿನಗ."

ಚಪ್ಪಲಿ ಬಿಡುವ ಮೊದಲೇ ಜಗಳ ಶುರುವಾಯಿತು.